ಕ್ರಾಪಿ ದಡಕ್ಕೆ ಬರುವ ಹೊತ್ತು: ನೀರಿನ ಬಿಸಿ ನೋಡಿ ಗಾಳ ಹಾಕುವುದು

ಮಲೆನಾಡಿನಲ್ಲಿ ಹತ್ತುಮೀನಿನ ಕಾಲವನ್ನು ಮುಂಗಾರು ಹೇಳುತ್ತದೆ. ಹಳ್ಳಕ್ಕೆ ಕೆಂಪು ನೀರು ಬಂದರೆ ಸಾಕು, ಮೀನು ಮೊಟ್ಟೆ ಇಡಲು ಗದ್ದೆಯ ಕಡೆಗೆ ಏರುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ಜೋರ್ಡನ್ ಲೇಕ್ ಎಂಬ ಕೆರೆಯ ಕ್ರಾಪಿ ಮೀನಿಗೆ ಈ ಲೆಕ್ಕ ನಡೆಯದು. ಮೊಟ್ಟೆ ಇಡಲು ಅದು ಕಾಯುವುದು ನೀರು ಬೆಚ್ಚಗಾಗುವುದನ್ನು. ಹತ್ತಿರದ ರಾಲೆ, ಕ್ಯಾರಿ ಊರುಗಳ ಕಡೆ ಇರುವವರು ಕ್ಯಾಲೆಂಡರ್ ನೋಡಿ ಹೊರಟರೆ ಒಂದು ವರ್ಷ ಮೀನು ಸಿಕ್ಕೀತು, ಮರುವರ್ಷ ಸಿಗದು. ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಅನ್ನುವುದು ಬರೀ ಅಂದಾಜು. ಫ್ಲಾರಿಡಾದಲ್ಲಿ ಇದೇ ಕೆಲಸ ಫೆಬ್ರವರಿಗೇ ನಡೆದರೆ ಮಿನೆಸೋಟದಲ್ಲಿ ಮೇ ದಾಟುವುದೂ ಉಂಟು.

ನೀರು 50 ಡಿಗ್ರಿ ಫ್ಯಾರನ್‌ಹೀಟ್ (10 ಸೆಲ್ಸಿಯಸ್) ದಾಟಿದಾಗ ಮೀನು ಆಳದಿಂದ ಹೊರಟು ಕೊಲ್ಲಿಗಳ ಬಾಯಲ್ಲಿ ಗುಂಪುಗೂಡುತ್ತದೆ. 55ರಿಂದ 60ರ ನಡುವೆ ಗಂಡುಗಳು ಮೊದಲು ದಡಕ್ಕೆ ಬಂದು ಗೂಡಿನ ಜಾಗ ಹಸನು ಮಾಡುತ್ತವೆ. ಮೊಟ್ಟೆ ಇಡುವುದು ಹೆಚ್ಚಾಗಿ 60ರಿಂದ 68ರಲ್ಲಿ, ಅಂದರೆ 16ರಿಂದ 20 ಸೆಲ್ಸಿಯಸ್‌ನಲ್ಲಿ.

ಎಡವುವುದು ಈ ಬಿಸಿಯನ್ನು ಅಳೆಯುವಾಗ. ದೋಣಿಯ ಫಿಶ್ ಫೈಂಡರ್ (ಮೀನು ಹುಡುಕುವ ಯಂತ್ರ) ತೋರಿಸುವುದು ಮೇಲ್ಪದರದ ಬಿಸಿ. ಬಿಸಿಲಿನ ದಿನ ಮಧ್ಯಾಹ್ನ ಮೂರಕ್ಕೆ ಅದು 64 ಅಂದರೂ ಮೂರಡಿ ಕೆಳಗೆ 57 ಇರಬಹುದು. ನಾನು ಸಾದಾ ಥರ್ಮಾಮೀಟರ್‌ಗೆ ದಾರ ಕಟ್ಟಿ, ತುದಿಗೆ ಸೀಸದ ಗುಂಡು ಸಿಕ್ಕಿಸಿ, ಮೂರಡಿಗೆ ಒಂದು ಗಂಟು ಹಾಕಿಟ್ಟಿದ್ದೇನೆ. ಗಂಟು ನೀರಿಗೆ ತಾಗುವವರೆಗೆ ಇಳಿಸಿ, ಎರಡು ನಿಮಿಷ ಬಿಟ್ಟು, ಎಳೆದ ತಕ್ಷಣ ಓದಬೇಕು. ಗಾಳಿಗೆ ಹಿಡಿದು ನಿಂತರೆ ಅಂಕಿ ಬದಲಾಗುತ್ತದೆ. ಬೆಳಿಗ್ಗೆ ಎಂಟರೊಳಗೆ, ಪ್ರತಿಸಲ ಅದೇ ಜಾಗದಲ್ಲಿ ಅಳೆದು ಬರೆದಿಡುತ್ತೇನೆ. ಮೂರು ಬೆಳಿಗ್ಗೆ ಸಾಲಾಗಿ 60 ಮೇಲಿದ್ದರೆ ದಡಕ್ಕೆ ಹೋಗುತ್ತೇನೆ. ಒಂದೇ ದಿನದ ಬಿಸಿಲನ್ನು ನಂಬಿ ಹೋಗುವುದಿಲ್ಲ. ಹುಣ್ಣಿಮೆ ನೋಡಿ ಹೋಗುವವರೂ ಇದ್ದಾರೆ. ನೀರು ತಣ್ಣಗಿದ್ದರೆ ಹುಣ್ಣಿಮೆಯಿಂದ ಏನೂ ಆಗದು ಎಂಬುದು ನನ್ನ ಅಭಿಪ್ರಾಯ. ಡಾಗ್‌ವುಡ್ ಮರ ಹೂ ಬಿಡುವುದು ಮಾತ್ರ ಇಲ್ಲಿನ ಹಳಬರ ಒಳ್ಳೆಯ ಗುರುತು. ಹೂ ಕಂಡಾಗ ಥರ್ಮಾಮೀಟರ್ ಹೊರಗೆ ತೆಗೆಯಬಹುದು.

ಇಡೀ ಕೆರೆ ಒಂದೇ ದಿನ ಬೆಚ್ಚಗಾಗುವುದಿಲ್ಲ. ಉತ್ತರದ ದಡಕ್ಕೆ ದಕ್ಷಿಣದ ಬಿಸಿಲು ನೇರವಾಗಿ ಬೀಳುತ್ತದೆ, ಬಡಗಣ ಗಾಳಿಯ ಹೊಡೆತವೂ ಕಡಿಮೆ. ಹಾಗಾಗಿ ಅಲ್ಲಿನ ತೆಳುನೀರಿನ ಕೊಲ್ಲಿಗಳಿಂದ ಶುರುಮಾಡಿ, ತೊರೆಗಳ ಒಳಭಾಗ ನೋಡಿಕೊಂಡು, ಕೊನೆಗೆ ಕೆರೆಯ ವಿಶಾಲ ಭಾಗಕ್ಕೆ ಬರುತ್ತೇನೆ. ಹೀಗೆ ಜಾಗ ಬದಲಿಸುತ್ತ ಹೋದರೆ ಮೂರ್ನಾಲ್ಕು ವಾರ ಮೀನು ಸಿಗುತ್ತದೆ.

ಆಳವನ್ನು ತೀರ್ಮಾನಿಸುವುದು ನೀರಿನ ತಿಳಿ. ಬಿಳಿ ಜಿಗ್ (ಭಾರದ ತಲೆಯಿರುವ ಕೃತಕ ಎರೆ) ಒಂದನ್ನು ಕಣ್ಮರೆಯಾಗುವವರೆಗೆ ಇಳಿಸಿ ನೋಡಿ. ಒಂದಡಿಗೇ ಮಾಯವಾದರೆ ಎರಡಡಿ ನೀರಿನಲ್ಲಿ ಹುಡುಕಲು ಶುರುಮಾಡಿ. ಮೂರಡಿವರೆಗೆ ಕಂಡರೆ ಐದಾರು ಅಡಿಯಲ್ಲಿ. ಮಳೆ ಬಂದು ಕೆರೆ ಏರಿದರೆ ಮೀನೂ ಮುಳುಗಿದ ಪೊದೆಗಳೊಳಗೆ ಹೋಗುತ್ತದೆ, ನಿನ್ನೆಯ ಜಾಗ ಇವತ್ತು ಖಾಲಿ.

ಹತ್ತಡಿ ಕೋಲು, ಆರು ಪೌಂಡ್ ತಡೆಯುವ ದಾರ, ಜಾರುವ ಬೆಂಡು, 1/16 ಔನ್ಸ್ ಜಿಗ್. ಕದಡಿದ ನೀರಿಗೆ ಗಿಳಿಹಸಿರು ಮಿಶ್ರಿತ ಹಳದಿ ಬಣ್ಣದ ಜಿಗ್. ಜೀವಂತ ಮಿನ್ನೋ (ಎರೆಯಾಗಿ ಬಳಸುವ ಪುಟ್ಟ ಮೀನು) ಹಾಕುವುದಾದರೆ ತೆಳು ತಂತಿಯ 4ನೇ ನಂಬರಿನ ಗಾಳ ಸಾಕು. ಕೊಂಬೆಗೆ ಸಿಕ್ಕರೆ ನಿಧಾನವಾಗಿ ಎಳೆಯಿರಿ, ಗಾಳ ನೆಟ್ಟಗಾಗಿ ಬಿಡಿಸಿಕೊಳ್ಳುತ್ತದೆ. ಬೆರಳಲ್ಲಿ ಮತ್ತೆ ಬಗ್ಗಿಸಿಕೊಳ್ಳಬಹುದು. ಎರೆ ಮೀನಿಗಿಂತ ಅರ್ಧ ಅಡಿ ಮೇಲೆ ನಿಲ್ಲಬೇಕು. ಕ್ರಾಪಿಯ ಕಣ್ಣು ಮೇಲ್ಮುಖ, ಕೆಳಗೆ ಹೋದದ್ದನ್ನು ಅದು ಗಮನಿಸುವುದು ಕಡಿಮೆ. ಬೆಂಡು ಮುಳುಗಿದಾಗ ಜಗ್ಗಬೇಡಿ. ಬಾಯಿಯ ಪೊರೆ ಕಾಗದದಷ್ಟು ತೆಳು, ಹರಿದುಹೋಗುತ್ತದೆ. ಕೋಲನ್ನು ಸುಮ್ಮನೆ ಮೇಲೆತ್ತಿ, ದೊಡ್ಡ ಮೀನಾದರೆ ಬಲೆ ಒಡ್ಡಿ.

ಥರ್ಮಾಮೀಟರ್ ಹೇಳಿದ್ದು ನಿಜವೋ ಎಂದು ಮೊದಲು ಸಿಕ್ಕ ಮೀನನ್ನು ನೋಡಿದರೆ ತಿಳಿಯುತ್ತದೆ. ಕ್ರಾಪಿಯಲ್ಲಿ ವೈಟ್, ಬ್ಲ್ಯಾಕ್ ಎಂದು ಎರಡು ಜಾತಿ. ಬೆಳ್ಳಗಿರಬೇಕಾದ ವೈಟ್ ಕ್ರಾಪಿ ಗಂಡಿನ ತಲೆ, ಗಂಟಲು, ಎದೆ ಮಸಿ ಬಳಿದಂತೆ ಕಪ್ಪಾಗಿದ್ದರೆ ಅದು ಗೂಡಿನ ಮೇಲಿದೆ. ಬ್ಲ್ಯಾಕ್ ಕ್ರಾಪಿಯ ಗಂಡು ಮೊದಲೇ ಕಪ್ಪು, ಅದರಲ್ಲಿ ಗುರುತಿಸುವುದು ಕಷ್ಟ. ಯಾವ ಜಾತಿ ಎಂದು ತಿಳಿಯಲು ಬೆನ್ನಿನ ರೆಕ್ಕೆಯ ಮುಳ್ಳು ಎಣಿಸಿ: ಐದಾರು ಇದ್ದರೆ ವೈಟ್, ಏಳೆಂಟಿದ್ದರೆ ಬ್ಲ್ಯಾಕ್. ಬರೀ ಗಂಡುಗಳೇ ಸಿಗುತ್ತಿದ್ದರೆ ಹೊಟ್ಟೆ ತುಂಬಿದ ಹೆಣ್ಣುಗಳು ಹತ್ತಿರದಲ್ಲೇ, ನೆಲ ಇಳಿಯುವ ಕಡೆ ಆರರಿಂದ ಹತ್ತು ಅಡಿಯಲ್ಲಿ ಕಾಯುತ್ತಿರುತ್ತವೆ. ಚಳಿಗಾಳಿ ನುಗ್ಗಿ ನೀರು ನಾಲ್ಕೈದು ಡಿಗ್ರಿ ಇಳಿದರೆ ದಡದ ಮೀನುಗಳಲ್ಲಿ ಬಹಳಷ್ಟು ಅದೇ ಇಳಿಜಾರಿಗೆ ಹಿಂದಿರುಗುತ್ತವೆ. ಆಗ ದಡ ಬಿಟ್ಟು ಅಲ್ಲಿ ಹುಡುಕಬೇಕು, ಎರೆಯನ್ನು ಕುಣಿಸದೆ ಸುಮ್ಮನೆ ನಿಲ್ಲಿಸಬೇಕು.

ಮೊಟ್ಟೆ ಒಡೆಯಲು ನೀರಿನ ಬಿಸಿಗೆ ತಕ್ಕಂತೆ ಎರಡರಿಂದ ಐದು ದಿನ. ಅಷ್ಟೂ ದಿನ ಗಂಡು ಕಾವಲಿರುತ್ತದೆ. ಅದನ್ನು ತೆಗೆದರೆ ಬ್ಲೂಗಿಲ್ ಮೀನುಗಳು ಮೊಟ್ಟೆಗೆ ಮುತ್ತುತ್ತವೆ. ಲೈಸೆನ್ಸ್, ಅಳತೆ, ದಿನದ ಮಿತಿಯನ್ನು ಆಯಾ ವರ್ಷದ ನಿಯಮದಲ್ಲಿ ನೋಡಿಕೊಂಡೇ ಹೋಗುತ್ತೇನೆ. ಆದರೂ ಒಂದು ಪೊದೆಯಲ್ಲಿ ಮೂರ್ನಾಲ್ಕು ಕಪ್ಪು ಗಂಡು ಬಂದ ಮೇಲೆ ಮಿತಿ ಎಷ್ಟೇ ಉಳಿದಿರಲಿ, ದೋಣಿಯನ್ನು ಮುಂದಿನ ಪೊದೆಗೆ ತಿರುಗಿಸುತ್ತೇನೆ.