ಕರೆಂಟ್ ಹೋದರೂ ನಡೆಯುವ ಅಸೈನ್‌ಮೆಂಟ್: ಗಿಟ್‌ಹಬ್ ಕ್ಲಾಸ್‌ರೂಮ್ ಜೋಡಿಸಿಕೊಳ್ಳುವ ಬಗೆ

ತೀರ್ಥಹಳ್ಳಿ ಕಡೆಯ ಕಾಲೇಜೊಂದರಲ್ಲಿ ಬಿಸಿಎ ಮಕ್ಕಳಿಗೆ ಪೈಥಾನ್ ಕಲಿಸುತ್ತೇನೆ. ಆಗುಂಬೆ, ಮೇಗರವಳ್ಳಿ, ಕೋಣಂದೂರು ಕಡೆಯಿಂದ ಬಸ್ಸಿಗೆ ಬರುವ ಮಕ್ಕಳು. ಮಳೆ ಹಿಡಿಯಿತೆಂದರೆ ಕರೆಂಟ್ ಇಲ್ಲ, ಕರೆಂಟ್ ಇಲ್ಲ ಅಂದರೆ ಟವರೂ ಇಲ್ಲ. ಬ್ರೌಸರ್‌ನಲ್ಲೇ ಕೋಡ್ ಬರೆದು ಅಲ್ಲೇ ಸಬ್ಮಿಟ್ ಮಾಡಿಸುವ ಸೈಟ್‌ಗಳು ನಮಗೆ ಆಗಿಬರುವುದಿಲ್ಲ. ಗಿಟ್ ಆಗಿಬರುತ್ತದೆ, ಅದು ಕೋಡಿನಲ್ಲಿ ಆದ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್. ಕಮಿಟ್ ಮಾಡಲು, ಅಂದರೆ ಬರೆದಷ್ಟನ್ನು ದಾಖಲಿಸಿಡಲು, ನೆಟ್ ಬೇಡವೇ ಬೇಡ, ಎಲ್ಲವೂ ಅವರ ಲ್ಯಾಪ್‌ಟಾಪ್‌ನಲ್ಲೇ ಕೂತಿರುತ್ತದೆ. ಪುಶ್ ಮಾಡುವಾಗ, ಅಂದರೆ ಅದನ್ನು ಗಿಟ್‌ಹಬ್ ಸೈಟ್‌ಗೆ ಕಳಿಸುವಾಗ ಮಾತ್ರ ನೆಟ್ ಬೇಕು. ಹೋಗುವುದೂ ಕೆಲವೇ ಕೆಬಿ. ಮನೆ ಹಿಂದಿನ ಗುಡ್ಡ ಹತ್ತಿದಾಗ ಎರಡು ಕಡ್ಡಿ ಸಿಗ್ನಲ್ ಬಂದರೂ ಸಾಕು.

ಆ ಗಿಟ್ ಮೇಲೆ ಕ್ಲಾಸಿನ ಲೆಕ್ಕ ಇಡುವ ಸಾಧನ ಗಿಟ್‌ಹಬ್ ಕ್ಲಾಸ್‌ರೂಮ್. ಮೇಷ್ಟ್ರಿಗೆ ದುಡ್ಡು ಖರ್ಚಿಲ್ಲ.

ಮೊದಲು ನಿಮ್ಮ ಗಿಟ್‌ಹಬ್ ಖಾತೆಯಲ್ಲಿ ಒಂದು ಆರ್ಗನೈಸೇಶನ್ (ಹಲವರ ಕೆಲಸ ಒಂದೆಡೆ ಇಡುವ ಗುಂಪು ಖಾತೆ) ಮಾಡಿ, ಫ್ರೀ ಪ್ಲಾನ್ ಸಾಕು. ಹೆಸರಲ್ಲಿ ವರ್ಷ, ಸೆಮಿಸ್ಟರ್ ಇರಲಿ. ಮಕ್ಕಳ ರೆಪೊಗಳೆಲ್ಲ (ಕೋಡ್ ಇರುವ ಫೋಲ್ಡರ್‌ಗಳು) ಇದರೊಳಗೇ ಹುಟ್ಟುತ್ತವೆ. ಮುಂದಿನ ವರ್ಷ ಹಳೆಯದರ ಜೊತೆ ಕಲಸಿಹೋಗಬಾರದು, ಅಲ್ವಾ? ಆಮೇಲೆ ಕ್ಲಾಸ್‌ರೂಮ್ ಸೈಟ್‌ಗೆ ಹೋಗಿ, ಆ ಆರ್ಗನೈಸೇಶನ್ ಆರಿಸಿ ಹೊಸ ತರಗತಿ ತೆರೆಯಿರಿ. ರೋಸ್ಟರ್, ಅಂದರೆ ಮಕ್ಕಳ ಪಟ್ಟಿ, ಕೇಳುತ್ತದೆ. ಅಲ್ಲಿ ರಿಜಿಸ್ಟರ್ ನಂಬರ್‌ಗಳನ್ನು ಸಾಲಿಗೆ ಒಂದರಂತೆ ಪೇಸ್ಟ್ ಮಾಡಿ. ಹೆಸರು, ಫೋನ್ ನಂಬರ್ ಹಾಕಬೇಡಿ, ಅಸೈನ್‌ಮೆಂಟ್ ಲಿಂಕ್ ಒತ್ತಿದ ಪ್ರತಿ ಮಗುವಿಗೂ ಆ ಪಟ್ಟಿ ಕಾಣುತ್ತದೆ. ತಮ್ಮ ನಂಬರ್ ಅನ್ನು ಅವರೇ ಆರಿಸಿಕೊಳ್ಳಬೇಕು. ಯಾರೋ ಒಬ್ಬರು ಪಕ್ಕದವರ ನಂಬರ್ ಒತ್ತಿಯೇ ಒತ್ತುತ್ತಾರೆ. ರೋಸ್ಟರ್ ಪುಟದಲ್ಲಿ ಆ ಜೋಡಣೆ ಬಿಡಿಸಬಹುದು, ಗಾಬರಿ ಬೇಡ.

ಮಕ್ಕಳ ಖಾತೆಯ ಕೆಲಸವನ್ನು ನೆಟ್ ಚೆನ್ನಾಗಿರುವ ದಿನ, ಲ್ಯಾಬ್‌ನಲ್ಲಿ ಕೂರಿಸಿಕೊಂಡೇ ಮುಗಿಸಿ. ಕೋಡ್ ಹಾಕುವವರಿಗೆ ಎರಡು ಹಂತದ ಲಾಗಿನ್ ಅನ್ನು ಗಿಟ್‌ಹಬ್ 2023ರಿಂದ ಕಡ್ಡಾಯ ಮಾಡುತ್ತ ಬಂದಿದೆ. ಎಸ್‌ಎಂಎಸ್ ನಂಬಬೇಡಿ. ಅಥೆಂಟಿಕೇಟರ್ ಆಪ್ ಹಾಕಿಸಿ, ಅದರ ಆರಂಕಿ ಕೋಡ್ ಸಿಗ್ನಲ್ ಇಲ್ಲದ ಫೋನಿನಲ್ಲೂ ಬರುತ್ತದೆ. ರಿಕವರಿ ಕೋಡ್‌ಗಳನ್ನು ಕಾಗದದ ಮೇಲೆ ಬರೆಸಿ, ಮನೆಯಲ್ಲಿಡಲು ಹೇಳಿ. ಅದರ ಫೋಟೋ ತೆಗೆದು ಅದೇ ಫೋನಿನಲ್ಲಿ ಇಟ್ಟುಕೊಂಡರೆ, ಫೋನ್ ಮಳೆಯಲ್ಲಿ ನೆಂದ ದಿನ ಎರಡೂ ಹೋಯ್ತು.

ಇನ್ನು ಲ್ಯಾಬ್ ಕಂಪ್ಯೂಟರ್. ನಿಜವಾದ ತಲೆನೋವು ಇಲ್ಲಿದೆ. ಒಂದೇ ಮೆಷಿನ್‌ನಲ್ಲಿ ಬೆಳಿಗ್ಗೆ ಒಬ್ಬ, ಮಧ್ಯಾಹ್ನ ಇನ್ನೊಬ್ಬಳು. ಮಧ್ಯಾಹ್ನದವಳು ಪುಶ್ ಕೊಟ್ಟಾಗ "ಮೇಡಂ, ರೆಪೊ ಸಿಗ್ತಿಲ್ಲ (Repository not found) ಅಂತ ಬರ್ತಿದೆ" ಅನ್ನುತ್ತಾಳೆ. ಅವಳ ಕೋಡ್ ಸರಿಯೇ ಇರುತ್ತದೆ. ಬೆಳಿಗ್ಗೆಯವನ ಲಾಗಿನ್ ವಿಂಡೋಸ್‌ನಲ್ಲಿ ಉಳಿದುಬಿಟ್ಟಿರುತ್ತದೆ, ಗಿಟ್ ಇವಳನ್ನು ಅವನೆಂದೇ ತಿಳಿಯುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಶಿಯಲ್ಸ್ ಕೆಳಗೆ ಗಿಟ್‌ಹಬ್ ಹೆಸರಿನ ಸಾಲು ಹುಡುಕಿ ಅಳಿಸಿ. ಮತ್ತೆ ಪುಶ್ ಕೊಟ್ಟರೆ ಬ್ರೌಸರ್ ತೆರೆದು ಲಾಗಿನ್ ಕೇಳುತ್ತದೆ. ಬ್ರೌಸರ್‌ನಲ್ಲೂ ಅವನೇ ಲಾಗಿನ್ ಆಗಿದ್ದರೆ ಮೊದಲು ಅಲ್ಲಿಂದ ಹೊರಗೆ ಕಳಿಸಿ. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಟೈಪ್ ಮಾಡುವ ಹಳೆಯ ಕ್ರಮ 2021ರ ಆಗಸ್ಟ್‌ನಲ್ಲೇ ನಿಂತುಹೋಗಿದೆ, ಅದನ್ನು ಹೇಳುವ ಹಳೆಯ ವಿಡಿಯೋ ತೋರಿಸಬೇಡಿ.

ಇದಕ್ಕೆ ಅಂಟಿಕೊಂಡೇ ಇನ್ನೊಂದಿದೆ. ಗಿಟ್ ಕಾನ್ಫಿಗ್‌ನಲ್ಲಿ ಹೆಸರು, ಇಮೇಲ್ ಕೊಡುವಾಗ ಎಲ್ಲ ಕಡೆ "ಗ್ಲೋಬಲ್" ಸೇರಿಸಿ ಬರೆಯಲು ಹೇಳುತ್ತಾರೆ. ಸ್ವಂತ ಲ್ಯಾಪ್‌ಟಾಪ್‌ಗೆ ಅದು ಸರಿ. ಲ್ಯಾಬ್ ಮೆಷಿನ್‌ನಲ್ಲಿ ಆ ಪದ ಬಿಟ್ಟು, ಕ್ಲೋನ್ ಮಾಡಿದ (ಗಿಟ್‌ಹಬ್‌ನಿಂದ ಇಳಿಸಿಕೊಂಡ) ಫೋಲ್ಡರ್ ಒಳಗೆ ನಿಂತು ಕೊಡಿಸಿ. ಇಲ್ಲದಿದ್ದರೆ ಇಡೀ ಬ್ಯಾಚಿನ ಕಮಿಟ್‌ಗಳು ಒಬ್ಬನ ಹೆಸರಲ್ಲೇ ಬೀಳುತ್ತವೆ.

ಈಗ ಅಸೈನ್‌ಮೆಂಟ್. ಆರ್ಗನೈಸೇಶನ್ ಒಳಗೇ ಒಂದು ರೆಪೊ ಮಾಡಿ, ಪ್ರಶ್ನೆಯನ್ನು ರೀಡ್‌ಮಿ ಎಂಬ ವಿವರಣೆ ಫೈಲಿನಲ್ಲಿ ಬರೆಯಿರಿ, ಖಾಲಿ ಪೈಥಾನ್ ಫೈಲ್ ಇಡಿ. ಸೆಟ್ಟಿಂಗ್ಸ್‌ನಲ್ಲಿ ಟೆಂಪ್ಲೇಟ್ ರೆಪೊ ಎಂದು ಗುರುತು ಹಾಕಿ. ಕ್ಲಾಸ್‌ರೂಮ್‌ನಲ್ಲಿ ಹೊಸ ಅಸೈನ್‌ಮೆಂಟ್ ತೆರೆದು ಅದನ್ನು ಸ್ಟಾರ್ಟರ್ ಕೋಡ್ ಆಗಿ ಕೊಡಿ. ರೆಪೊ ಪ್ರೈವೇಟ್ ಇರಲಿ, ಪಬ್ಲಿಕ್ ಬಿಟ್ಟರೆ ಮೊದಲು ಬರೆದವನ ಉತ್ತರ ಇಡೀ ಕ್ಲಾಸಿಗೆ ಪ್ರಸಾದ. ಬ್ರೌಸರ್‌ನಲ್ಲೇ ಕೋಡ್ ಬರೆಸುವ ಕೋಡ್‌ಸ್ಪೇಸಸ್ ಎಂಬ ಆಯ್ಕೆ ಚೆನ್ನಾಗಿದೆ, ಆದರೆ ಅದಕ್ಕೆ ನೆಟ್ ಬಿಡದೆ ಇರಬೇಕು. ನಮ್ಮ ಕಡೆ ಬೇಡ.

ಕೋಡ್ ತಾನೇ ಪರೀಕ್ಷಿಸುವ ಆಟೋಗ್ರೇಡಿಂಗ್ ಕೂಡ ಇದೆ. ಇಷ್ಟು ಇನ್‌ಪುಟ್ ಕೊಟ್ಟರೆ ಇಂಥ ಔಟ್‌ಪುಟ್ ಬರಬೇಕು ಎಂದು ಹೇಳಿದರೆ ಸಾಕು. ಇಲ್ಲಿ ಸ್ವಲ್ಪ ನಿಲ್ಲಿ. ನಾನು ಕೊಡುವ ಮೊದಲ ಲೆಕ್ಕ ಅಡಿಕೆಯದು: ತೂಕ ಕೆಜಿಯಲ್ಲಿ, ದರ ಕ್ವಿಂಟಾಲ್‌ಗೆ, ಒಟ್ಟು ಹಣ ಎಷ್ಟು? 235 ಕೆಜಿ ರಾಶಿ ಅಡಿಕೆ, ದರ 47,300 ಎಂದಿಟ್ಟುಕೊಳ್ಳಿ. ಉತ್ತರ 1,11,155. ಮಕ್ಕಳು ಮರೆಯುವುದು 100ರಿಂದ ಭಾಗಿಸುವುದನ್ನು. ಹಾಗೆ ಮರೆತರೆ 11115500 ಬರುತ್ತದೆ. ಟೆಸ್ಟ್ ಹೋಲಿಕೆಯಲ್ಲಿ "ಇನ್‌ಕ್ಲೂಡೆಡ್" ಆರಿಸಿ, ಬರಬೇಕಾದ್ದು 111155 ಎಂದು ಕೊಟ್ಟಿದ್ದರೆ ಆ ತಪ್ಪು ಉತ್ತರವೂ ಪಾಸ್! ಆ ಅಂಕಿಗಳು ಅದರೊಳಗೇ ಇವೆಯಲ್ಲ. "ಎಕ್ಸಾಕ್ಟ್" ಆರಿಸಿದರೆ ಉಲ್ಟಾ ತೊಂದರೆ. ಇನ್‌ಪುಟ್ ಕೇಳಲು ಬರೆದ "ತೂಕ ಎಷ್ಟು?" ಎಂಬ ಮಾತೂ ಔಟ್‌ಪುಟ್‌ನಲ್ಲೇ ಬರುವುದರಿಂದ ಸರಿ ಉತ್ತರವೂ ಫೇಲ್. ದಾರಿ ಇಷ್ಟೇ: ಎರಡು ದಶಮಾಂಶ ಸ್ಥಾನ ಬರುವಂತೆ ಪ್ರಿಂಟ್ ಮಾಡಿ ಎಂದು ಪ್ರಶ್ನೆಯಲ್ಲೇ ಹೇಳಿ, ಟೆಸ್ಟ್‌ನಲ್ಲಿ 111155.00 ಕೊಟ್ಟು, ಇನ್‌ಕ್ಲೂಡೆಡ್ ಇಡಿ. 11115500.00 ಒಳಗೆ ಅದು ಸಿಗುವುದಿಲ್ಲ. ತೂಕ ಸೊನ್ನೆ ಇದ್ದಾಗ ಏನು ಬರಬೇಕು ಎಂದೂ ಒಂದು ಟೆಸ್ಟ್ ಇರಲಿ.

ಈ ಪರೀಕ್ಷೆಗಳು ಗಿಟ್‌ಹಬ್‌ನದೇ ಕಂಪ್ಯೂಟರ್‌ಗಳಲ್ಲಿ, ಗಿಟ್‌ಹಬ್ ಆಕ್ಷನ್ಸ್ ಎಂಬ ಸೇವೆಯಲ್ಲಿ ಓಡುತ್ತವೆ. ಫ್ರೀ ಪ್ಲಾನ್‌ನಲ್ಲಿ ಪ್ರೈವೇಟ್ ರೆಪೊಗಳಿಗೆ ತಿಂಗಳಿಗೆ 2,000 ನಿಮಿಷ. ಹತ್ತು ಸೆಕೆಂಡ್ ಓಡಿದರೂ ಲೆಕ್ಕಕ್ಕೆ ಒಂದು ನಿಮಿಷ. 60 ಮಕ್ಕಳು ತಲಾ ಆರು ಸಲ ಪುಶ್ ಮಾಡಿದರೆ ಒಂದು ಅಸೈನ್‌ಮೆಂಟ್‌ಗೆ 360 ನಿಮಿಷ. ತಿಂಗಳಿಗೆ ನಾಲ್ಕು ಕೊಟ್ಟರೂ ನಡೆಯುತ್ತದೆ. ಆದರೆ ಸಾಲಿಗೊಂದು ಪುಶ್ ಕೊಡುವ ಹುಡುಗರಿರುತ್ತಾರೆ. ಕಮಿಟ್ ಎಷ್ಟಾದರೂ ಮಾಡಿ, ಪುಶ್ ದಿನಕ್ಕೊಂದು ಸಾಕು ಎಂದು ಮೊದಲೇ ಹೇಳಿಬಿಡಿ.

ಗಡುವು ಇಡುವಾಗ ಕಟಾಫ್ ಎಂಬ ಆಯ್ಕೆ ಕಾಣುತ್ತದೆ. ಅದನ್ನು ಒತ್ತಿದರೆ ಗಡುವು ಮುಗಿದ ಕೂಡಲೇ ಪುಶ್ ಮಾಡುವ ಅವಕಾಶವೇ ಹೋಗುತ್ತದೆ. ಜುಲೈನಲ್ಲಿ ಅದನ್ನು ಒತ್ತುವುದು ಅನ್ಯಾಯ. ಮರ ಬಿದ್ದು ಮೂರು ದಿನ ಲೈನ್ ಇಲ್ಲದ ಊರಿನ ಹುಡುಗಿ ಏನು ಮಾಡಬೇಕು? ಗಡುವು ಇಡಿ, ಕಟಾಫ್ ಬಿಡಿ. ತಡವಾಗಿ ಬಂದರೂ ಪ್ರತಿ ಕಮಿಟ್‌ನಲ್ಲಿ ಅದು ಆದ ಸಮಯ ಇರುತ್ತದೆ. ಹೌದು, ಲ್ಯಾಪ್‌ಟಾಪ್ ಗಡಿಯಾರ ಹಿಂದೆ ತಿರುಗಿಸಿ ಮೋಸ ಮಾಡಬಹುದು. ಅಷ್ಟು ತಿಳಿದವನಿಗೆ ಗಿಟ್ ಬಂದಿದೆ ಎಂದೇ ಲೆಕ್ಕ, ಸುಮ್ನೆ ಬಿಡುತ್ತೇನೆ.

ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಬೇರೊಂದು ಖಾತೆಯಿಂದ ನೀವೇ ಒಪ್ಪಿಕೊಂಡು ನೋಡಿ. ಕ್ಲೋನ್ ಮಾಡಿ, ಬೇಕೆಂದೇ ತಪ್ಪು ಉತ್ತರ ಬರೆದು ಪುಶ್ ಕೊಡಿ, ಕೆಂಪು ಗುರುತು ಬರಬೇಕು. ಸರಿ ಮಾಡಿ ಮತ್ತೆ ಕೊಡಿ, ಹಸಿರು ಬರಬೇಕು. ತಪ್ಪಿಗೂ ಹಸಿರು ಬಂದರೆ ಟೆಸ್ಟ್ ತಿದ್ದಿ, ಆಮೇಲಷ್ಟೇ ಲಿಂಕ್ ಹಂಚಿ.

ಕೊನೆಗೆ ಅಂಕಗಳನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳಬಹುದು. ರಿಜಿಸ್ಟರ್ ನಂಬರ್ ಅದರಲ್ಲೇ ಇರುವುದರಿಂದ ಇಂಟರ್ನಲ್ಸ್ ಶೀಟ್‌ಗೆ ಹೊಂದಿಸುವುದು ಸುಲಭ. ಆದರೆ ಅದನ್ನೇ ಪೂರ್ತಿ ಅಂಕ ಎಂದು ತುಂಬಿಸಬೇಡಿ. ನಾನು ಅರ್ಧವನ್ನು ವೈವಾಗೆ ಇಟ್ಟಿದ್ದೇನೆ. ಅವರದೇ ಕೋಡ್ ತೆರೆದು, "ಈ 100 ಯಾಕೆ ಬಂತು?" ಎಂದು ಕೇಳುತ್ತೇನೆ.