ಅಂಬಾರಿಯ ಹಿಂದಿನ ಅಂಗಡಿ ಸಾಲು

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಹಳೆಯ ಕಟ್ಟಡಗಳ ಚರಿತ್ರೆ ಬರೆದಿಡಬೇಕೆಂದು ಹೊರಟವನಿಗೆ ದೊಡ್ಡ ಹೆಸರುಗಳು ತೊಂದರೆ ಕೊಡಲಿಲ್ಲ. ಚಿಕ್ಕ ಗಡಿಯಾರ ಎದ್ದದ್ದು ವೈಸ್‌ರಾಯ್ ಡಫರಿನ್ 1886ರಲ್ಲಿ ಬಂದ ನೆನಪಿಗೆ. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ 1892ರಲ್ಲಿ ಬಂದ ಮತ್ತೊಬ್ಬ ವೈಸ್‌ರಾಯ್ ನೆನಪಿಗೆ. ರಸ್ತೆಗೆ ಹೆಸರು ಬಂದಿದ್ದು ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕ್‌ವಾಡರಿಂದ. ಸರ್ಕಾರ ಕಟ್ಟಿಸಿದ್ದಕ್ಕೆ ಎಲ್ಲೋ ಒಂದು ಕಡತ ಇದ್ದೇ ಇರುತ್ತದೆ. ಕಷ್ಟವೆಲ್ಲ ಇವುಗಳ ಅಕ್ಕಪಕ್ಕದ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಪೂಜೆ ಸಾಮಾನು, ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿ, ಮಹಡಿ ಮೇಲಿನ ಲಾಡ್ಜುಗಳದ್ದು. ಯಾವಾಗ ಕಟ್ಟಿದ್ದು ಎಂದು ಕೇಳಿದರೆ 'ನಮ್ಮ ತಾತನ ಕಾಲದ್ದು' ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ನನಗೆ ದಾರಿ ತೋರಿಸಿದ್ದು ಜಂಬೂಸವಾರಿ. ವಿಜಯದಶಮಿಯ ಮೆರವಣಿಗೆ ಅರಮನೆಯಿಂದ ಹೊರಟು ಕೆ.ಆರ್. ವೃತ್ತ ಹಾದು ಇದೇ ರಸ್ತೆಯಲ್ಲಿ ಬನ್ನಿಮಂಟಪದ ಕಡೆ ಸಾಗುತ್ತದೆ. ವರ್ಷ ವರ್ಷವೂ ಫೋಟೋಗ್ರಾಫರುಗಳು ಒಂದೇ ದಾರಿಯಲ್ಲಿ ನಿಂತು ಆನೆಯ ಚಿತ್ರ ತೆಗೆದರು. ಆನೆಯ ಹಿಂದೆ ಅಂಗಡಿ ಸಾಲು ತಾನಾಗಿ ದಾಖಲಾಯಿತು. ಕರ್ನಾಟಕದ ಬೇರೆ ಯಾವ ಪೇಟೆ ಬೀದಿಗೂ ಇಂಥ ಭಾಗ್ಯ ಇದ್ದಂತಿಲ್ಲ. ಹಳೆಯ ಅಂಗಡಿಗಳ ಗೋಡೆ ಮೇಲೆ, ಮನೆ ಆಲ್ಬಮ್ಮುಗಳಲ್ಲಿ ಈ ಚಿತ್ರಗಳು ಇನ್ನೂ ಇವೆ. ಗಾಜು ತೆಗೆಸಿ, ಮೊಬೈಲಿನಲ್ಲೇ ನೇರವಾಗಿ ಚಿತ್ರ ತೆಗೆದುಕೊಂಡು, ಮನೆಗೆ ಬಂದು ದೊಡ್ಡದು ಮಾಡಿ ನೋಡುತ್ತಿದ್ದೆ.

ಫೋಟೋದ ಬೆನ್ನಿಗೆ ಇಸವಿ ಬರೆದಿರುವುದು ಅಪರೂಪ. ಅಂಬಾರಿಯಲ್ಲಿ ಯಾರಿದ್ದಾರೆ ಎನ್ನುವುದೇ ಮೊದಲ ಸುಳಿವು. ನಾಲ್ವಡಿ ಕೃಷ್ಣರಾಜ ಒಡೆಯರಿದ್ದರೆ ಅದು 1940ಕ್ಕೆ ಹಿಂದಿನ ದಸರಾ. ಆ ವರ್ಷದ ಆಗಸ್ಟಿನಲ್ಲೇ ಅವರು ತೀರಿಕೊಂಡರು. ಜಯಚಾಮರಾಜ ಒಡೆಯರಿದ್ದರೆ ಅದರ ನಂತರದ್ದು. ಚಾಮುಂಡೇಶ್ವರಿಯ ವಿಗ್ರಹವಿದ್ದರೆ 1970ರ ದಶಕ ಅಥವಾ ಈಚಿನದು. ಆಮೇಲೆ ಬೋರ್ಡುಗಳನ್ನು ಓದಬೇಕು. 'ಮೈಸೂರು ರಾಜ್ಯ' ಎಂದಿದ್ದರೆ ಬೋರ್ಡು ಬರೆಸಿದ್ದು 1973ರ ನವೆಂಬರ್ 1ಕ್ಕೆ ಮುಂಚೆ. ಹೀಗೆ ಒಂದೇ ಕಟ್ಟಡದ ನಾಲ್ಕಾರು ಚಿತ್ರ ಸಾಲಾಗಿ ಜೋಡಿಸಿದಾಗ ನಿಜವಾದ ಕಥೆ ಹೊರಬರುತ್ತದೆ. ಒಂದು ಬಟ್ಟೆ ಮಳಿಗೆಯ ಮಹಡಿಯಲ್ಲಿ ಮೊದಲು ಮರದ ಕಟಕಟೆ, ಅದರ ಹಿಂದೆ ಸೆರಗು ಹೊದ್ದು ಕೂತ ಹೆಂಗಸರು. ಮುಂದಿನ ಚಿತ್ರದಲ್ಲಿ ಕಟಕಟೆ ಹೋಗಿ ಸಿಮೆಂಟಿನ ಜಾಲರಿ. ಅದರ ಮುಂದಿನದರಲ್ಲಿ ಇಡೀ ಮಹಡಿಯನ್ನು ಮುಚ್ಚಿದ ಜಾಹೀರಾತು ಫಲಕ. ಇವತ್ತು ಆ ಫಲಕದ ಪಕ್ಕಕ್ಕೆ ಕತ್ತು ಚಾಚಿದರೆ ಮೊದಲ ಚಿತ್ರದ ಕಮಾನು ಕಿಟಕಿ ಹಾಗೇ ಇದೆ, ಬಣ್ಣದ ಗಾಜಿನ ಎರಡು ತುಂಡುಗಳ ಸಮೇತ. ಅದನ್ನು ಕಂಡ ದಿನ ನನಗಾದ ಸಂತೋಷ ಹೇಳತೀರದು.

ಮುಂಭಾಗ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ತಾರಸಿಗೂ ಹಿಂದಿನ ಓಣಿಗೂ ಹೋಗಲೇಬೇಕು. ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಗಾರೆ ತುಂಬಿದ್ದರೆ ಅದು ಮದ್ರಾಸ್ ತಾರಸಿ ಎಂಬ ಹಳೆಯ ಪದ್ಧತಿಯ ಚಾವಣಿ. ಕಬ್ಬಿಣದ ತೊಲೆಯಿದ್ದರೆ ಸುಣ್ಣ ಸ್ವಲ್ಪ ಒರೆಸಿ ನೋಡಿ. ಡಾರ್ಮನ್ ಲಾಂಗ್ ಎಂಬ ಇಂಗ್ಲೆಂಡಿನ ಕಂಪನಿಯ ಹೆಸರು ಉಬ್ಬಕ್ಷರದಲ್ಲಿ ಸಿಗಬಹುದು. ಹೆಂಚಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಹೆಂಚಿನ ಮೇಲೆ 1865 ಎಂದಿದ್ದರೆ ಮನೆ 1865ರದ್ದು ಎಂದು ಹಲವರು ನಂಬಿಬಿಟ್ಟಿದ್ದಾರೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದ ಇಸವಿ, ಹೆಂಚು ಸುಟ್ಟ ಇಸವಿಯಲ್ಲ. ಕಾಮನ್‌ವೆಲ್ತ್ ಎಂಬ ಮುದ್ರೆ ಇದ್ದರೆ ಮಾತ್ರ ಗಟ್ಟಿಯಾಗಿ ಹೇಳಬಹುದು, ಮೊದಲ ಮಹಾಯುದ್ಧದ ನಂತರದ್ದೆಂದು, ಏಕೆಂದರೆ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದದ್ದು ಆಗಲೇ. ಅದೂ ಹೆಂಚಿನ ಕಾಲ ಅಷ್ಟೇ, ಗೋಡೆಯದ್ದಲ್ಲ.

ಕಾಗದಪತ್ರಗಳಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಕ್ರಯಪತ್ರದ ಚಕ್ಕುಬಂದಿ, ಅಂದರೆ ಸ್ವತ್ತಿನ ನಾಲ್ಕು ದಿಕ್ಕಿಗೂ ಏನಿದೆ ಎಂಬ ವಿವರ. ಸ್ವತ್ತಿನ ಮಾರಾಟ, ಸಾಲಗಳ ಪಟ್ಟಿಯಾದ ಋಣಭಾರ ಪತ್ರ 2004ರಿಂದೀಚಿನದು ಗಣಕದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಕೈಬರಹದ ಸೂಚಿ ಪುಸ್ತಕಗಳೇ ಗತಿ. ಆದರೆ ಹಳೆಯ ಕುಟುಂಬಗಳ ಕಬ್ಬಿಣದ ಪೆಟ್ಟಿಗೆಯಲ್ಲಿ ಮೂಲಪತ್ರವೇ ಇರುತ್ತದೆ. ನನ್ನ ವಿನಂತಿ ಯಾವಾಗಲೂ ಒಂದೇ: ಬೆಲೆ, ಸಾಲ, ಪಾಲುಗಳ ಪುಟ ಬೇಡ, ಚಕ್ಕುಬಂದಿಯ ಪುಟ ಮಾತ್ರ ತೋರಿಸಿ. ಇದರಿಂದ ಜನರ ಅಂಜಿಕೆ ಹೋಗುತ್ತದೆ. 'ಪೂರ್ವಕ್ಕೆ ಸರ್ಕಾರಿ ರಸ್ತೆ, ಪಶ್ಚಿಮಕ್ಕೆ ಓಣಿ, ದಕ್ಷಿಣಕ್ಕೆ ಇಂಥವರ ಖಾಲಿ ನಿವೇಶನ' ಎಂದು ಒಂದು ಪತ್ರದಲ್ಲಿದೆ ಎನ್ನಿ. ಅದೇ ಸ್ವತ್ತು ಮತ್ತೆ ಕೈಬದಲಾದಾಗ 'ದಕ್ಷಿಣಕ್ಕೆ ಇಂಥವರ ಮಹಡಿ ಮಳಿಗೆ' ಎಂದಾಗಿರುತ್ತದೆ. ಪತ್ರ ಕಳೆದುಕೊಂಡ ಪಕ್ಕದ ಮನೆಯವರ ಕಟ್ಟಡ ಯಾವ ಎರಡು ಇಸವಿಗಳ ನಡುವೆ ಎದ್ದಿತು ಎಂಬುದು ಹೀಗೆ ತಿಳಿಯುತ್ತದೆ! ಉದ್ದಗಲದ ಅಳತೆಯನ್ನೂ ಹೋಲಿಸಿ. ರಸ್ತೆ ಕಡೆಯಿಂದ ಕೆಲವು ಅಡಿ ಕಡಿಮೆಯಾಗಿದ್ದರೆ ರಸ್ತೆ ಅಗಲೀಕರಣ ಆಗಿರಬಹುದು, ಆಗ ಮುಂಭಾಗ ಹೊಸದು.

ಈ ಕೆಲಸಕ್ಕೆ ನಾನು ಇಷ್ಟು ಅವಸರ ಪಡುವುದಕ್ಕೆ ಕಾರಣವಿದೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಬದಿಯ ದ್ವಾರ ಉರುಳಿತು. ಅಂದಿನಿಂದ ಹಳೆಯದೆಲ್ಲ ಅಪಾಯ, ಕೆಡವಿಬಿಡಿ ಎಂಬ ಮಾತು ಸುಲಭವಾಗಿ ಬರುತ್ತಿದೆ. ಜನರ ಜೀವಕ್ಕಿಂತ ಕಟ್ಟಡ ದೊಡ್ಡದಲ್ಲ. ಆದರೆ ನಾನು ಏರಿದ ತಾರಸಿಗಳಲ್ಲಿ ಕಂಡದ್ದು ಸುಣ್ಣ ಗಾರೆಯ ದೋಷವಲ್ಲ. ಕಸ ಕಟ್ಟಿಕೊಂಡ, ಮಳೆನೀರು ಹರಿಯುವ ದೋಣಿ, ಕೈಪಿಡಿ ಗೋಡೆಯಲ್ಲಿ ಬೇರುಬಿಟ್ಟ ಅರಳಿ ಗಿಡ, ಗೋಡೆಯೊಳಗೆ ಸೇರುವ ತುದಿಯಲ್ಲೇ ಕೊಳೆತ ತೊಲೆ. ಮಳೆಗಾಲಕ್ಕೆ ಮುಂಚೆ ದೋಣಿ ಬಿಡಿಸಿ ಗಿಡ ಕಿತ್ತ ಕಟ್ಟಡಗಳು ಇದೇ ಸಾಲಿನಲ್ಲಿ ನೆಟ್ಟಗೆ ನಿಂತು ವ್ಯಾಪಾರ ಮಾಡುತ್ತಿವೆ. ಹಾಗಾಗಿ ಮಾಲೀಕರಿಗೆ ಕಟ್ಟಡದ ಚರಿತ್ರೆಯ ಹಾಳೆ ಕೊಡುವಾಗ ತಾರಸಿಯ ಫೋಟೋವನ್ನೂ ಜೊತೆಗಿಡುತ್ತೇನೆ.

ಆ ಹಾಳೆಯಲ್ಲಿ ಕಟ್ಟಡಕ್ಕೆ ಒಂದೇ ಇಸವಿ ಬರೆಯುವುದಿಲ್ಲ. ಒಡಲಿಗೊಂದು, ಚಾವಣಿಗೊಂದು, ಮುಂಭಾಗಕ್ಕೊಂದು, ಪ್ರತಿಯೊಂದರ ಎದುರಿಗೂ ಆಧಾರ: ಫೋಟೋ, ಪತ್ರ ಅಥವಾ ಮನೆಯವರ ಮಾತು. ಈಗ ಅಶೋಕ ರಸ್ತೆಯ ಕೆಲಸ ಹಿಡಿದಿದ್ದೇನೆ. ಅಲ್ಲಿ ಅಂಬಾರಿ ಹಾದುಹೋಗುವುದಿಲ್ಲ, ಚಿತ್ರಗಳು ಕಡಿಮೆ. ಹೆಚ್ಚಿನ ಭಾರ ಚಕ್ಕುಬಂದಿಯ ಮೇಲೇ ಬೀಳುತ್ತಿದೆ.