ಚೌಕ ಎಣಿಸುವಾಗ ನಾನು ಹಿಡಿಯುವುದು ಮೂಲೆಯನ್ನು

ಗ್ರಿಡ್ ತೋರಿಸಿ 'ಇದರಲ್ಲಿ ಎಷ್ಟು ಚೌಕ ಇವೆ?' ಅಂತ ಕೇಳುವ ಒಗಟಿನಲ್ಲಿ ನಾನು ಚೌಕಗಳನ್ನು ಹುಡುಕುವುದಿಲ್ಲ. ಅವು ಒಂದರ ಮೇಲೊಂದು ಕೂತಿರುತ್ತವೆ, ಒಂದೇ ಗೆರೆ ನಾಲ್ಕೈದು ಚೌಕಕ್ಕೆ ಸೇರಿರುತ್ತದೆ. ಸುಮ್ನೆ ಬೆರಳಿಟ್ಟು ಎಣಿಸಿದರೆ ಯಾವುದು ಆಯ್ತು, ಯಾವುದು ಬಿಟ್ಟುಹೋಯ್ತು ಗೊತ್ತಾಗುವುದಿಲ್ಲ. ಆದರೆ ಯಾವ ಚೌಕವೇ ಆಗಲಿ, ಅದರ ಬಲಗಡೆ ಕೆಳಮೂಲೆಯ ಮನೆ ಒಂದೇ ಅಲ್ವಾ? ನಾನು ಹಿಡಿಯುವುದು ಅದನ್ನೇ.

4×4 ಗ್ರಿಡ್ ತೆಗೆದುಕೊಳ್ಳಿ. ಈ ಮನೆಯನ್ನು ಕೆಳಮೂಲೆಯಾಗಿ ಇಟ್ಟುಕೊಂಡ ಚೌಕಗಳು ಎಷ್ಟು ಅಂತ ಪ್ರತಿ ಮನೆಯಲ್ಲೂ ಬರೆಯುತ್ತೇನೆ. ಮೊದಲ ಸಾಲು 1, 1, 1, 1. ಎರಡನೆಯದು 1, 2, 2, 2. ಮೂರನೆಯದು 1, 2, 3, 3. ಕೊನೆಯದು 1, 2, 3, 4. ಕೂಡಿದರೆ 30.

ಪೂರ್ತಿ ಗ್ರಿಡ್‌ಗೆ ಇಷ್ಟೆಲ್ಲ ಬೇಕಿಲ್ಲ, ಬದಿ 1, 2, 3, 4 ಇರುವ ಚೌಕಗಳನ್ನು ಕ್ರಮವಾಗಿ 16+9+4+1 ಅಂದರೂ 30 ಬರುತ್ತದೆ. ಚೆಸ್ ಬೋರ್ಡಿಗೆ ಹೀಗೇ 64, 49, 36 ಅಂತ 1ರವರೆಗಿನ ವರ್ಗಗಳನ್ನು ಕೂಡಿದರೆ 204.

ಮೂಲೆ ಲೆಕ್ಕದ ಮಜಾ ಇರುವುದು ಗ್ರಿಡ್‌ನಲ್ಲಿ ಒಂದು ಮನೆ ಕಪ್ಪಾಗಿದ್ದಾಗ. ಎರಡನೇ ಸಾಲಿನ ಎರಡನೇ ಮನೆಗೆ ಮಸಿ ಬಳಿದು, ಅದು ಒಳಗೆ ಸೇರದ ಚೌಕಗಳೆಷ್ಟು ಅಂದರೆ ಸೂತ್ರ ಕೈಕೊಡುತ್ತದೆ. ಆಗ ಮಸಿ ಬಳಿದ ಮನೆಗೆ 0. ಮೊದಲ ಸಾಲು, ಮೊದಲ ಕಂಬಸಾಲಿಗೆ 1. ಉಳಿದ ಪ್ರತಿ ಮನೆಗೂ ಮೇಲಿನ, ಎಡದ, ಎಡಗಡೆ ಮೇಲ್ಮೂಲೆಯ ಮೂರು ಅಂಕಿಗಳಲ್ಲಿ ಚಿಕ್ಕದನ್ನು ನೋಡಿ ಒಂದು ಕೂಡಿಸುತ್ತೇನೆ. ಸಾಲುಗಳು ಹೀಗೆ ಬರುತ್ತವೆ: 1, 1, 1, 1; 1, 0, 1, 2; 1, 1, 1, 2; 1, 2, 2, 2. ಒಟ್ಟು 20. ಒಂದೇ ಒಂದು ಮನೆ ಹೋಗಿದ್ದಕ್ಕೆ ಹತ್ತು ಚೌಕ ಮಾಯ! ಪ್ರೋಗ್ರಾಮ್ ಬರೆಯುವವರಿಗೆ ಇದು ಹಳೇ ಪರಿಚಯ.

4×4ರ ಮಧ್ಯೆ ಇನ್ನೆರಡು ಚೌಕ ತುರುಕಿರುವ ಚಿತ್ರ ನೀವೂ ನೋಡಿರುತ್ತೀರಿ. ಅದರಲ್ಲಿ ನಾನು ಆ ಎರಡನ್ನು ಮೊದಲು ಅಳಿಸಿಬಿಡುತ್ತೇನೆ, ಮನಸ್ಸಲ್ಲೇ. 30 ಕೈಗೆ ಬಂತು. ಆಮೇಲೆ ಒಂದೊಂದಾಗಿ ವಾಪಸ್ ಇಡುತ್ತೇನೆ. ಗ್ರಿಡ್‌ನ ಗೆರೆಗಳು ತುರುಕಿದ ಚೌಕವನ್ನು ನಾಲ್ಕು ಚಿಕ್ಕ ಚೌಕಗಳಾಗಿ ಸೀಳುತ್ತವೆ, ಅದೂ ಸೇರಿ ಐದು. ಎರಡರಿಂದ ಹತ್ತು, ಒಟ್ಟು 40.

ಗೆರೆ ಬದಲು ಚುಕ್ಕಿಗಳಿದ್ದರೆ ಓರೆಯಾಗಿ ನಿಂತ ಚೌಕಗಳೂ ಲೆಕ್ಕಕ್ಕೆ ಬರುತ್ತವೆ. ಇವನ್ನು ಜನ ಜಾಸ್ತಿ ಮರೆಯುತ್ತಾರೆ. ಪ್ರತಿ ಓರೆ ಚೌಕವೂ ಒಂದು ನೆಟ್ಟಗಿನ ಚೌಕದ ಒಳಗೆ, ಅದರ ನಾಲ್ಕೂ ಬದಿಗಳನ್ನು ಮುಟ್ಟಿಕೊಂಡು ಕೂರುತ್ತದೆ. ಬದಿ 3 ಇದ್ದರೆ ಒಳಗೆ ಓರೆಯವು 2, ಬದಿ 4 ಇದ್ದರೆ 3. ಹಾಗಾಗಿ ನೆಟ್ಟಗಿನದನ್ನೂ ಸೇರಿಸಿ 5×5 ಚುಕ್ಕಿಗಳಿಗೆ 16×1, 9×2, 4×3, 1×4 ಕೂಡುತ್ತೇನೆ: 50. ಅದರಲ್ಲಿ ಓರೆಯವೇ 20.